ರೋಗಿಗಳ ಸೇವಕ ಸಂತ ಕಮಿಲ್ಲಸ್ ದೆ ಲೆಲ್ಲಿಸ್

ಶುಶ್ರೂಷಾ ವೃತ್ತಿಯ ಮಾತು ಬಂದೊಡನೆ ನಮ್ಮ ಕಣ್ಣೆದುರಿಗೆ ನಿಲ್ಲುವುದು ಕೈಯಲ್ಲಿ ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಚಿತ್ರ. ಅದು ತಕ್ಕದ್ದೇ. ಆದರೆ ಆಕೆ ಹುಟ್ಟುವುದಕ್ಕೆ 270 ವರ್ಷಗಳ ಮೊದಲು ಇಟಲಿಯಲ್ಲಿ ಜನಿಸಿ, ಸುಮಾರು ನಲವತ್ತು ವರ್ಷ ಕಾಲ ರೋಗಿಗಳ ಹಾಸಿಗೆಯ ಬದಿಯಲ್ಲಿಯೇ ಬಾಳಿ, ರೋಗಿಯ ಆರೈಕೆಯನ್ನು ಕೂಲಿಯ ಕೆಲಸದ ಮಟ್ಟದಿಂದ ಎತ್ತಿ ಒಂದು ವಿದ್ಯೆಯನ್ನಾಗಿಯೂ ಒಂದು ವ್ರತವನ್ನಾಗಿಯೂ ಮಾಡಿದ ಮಹನೀಯರೊಬ್ಬರಿದ್ದರೆಂಬುದು ನಮ್ಮ ಕಥೋಲಿಕ ಮನೆತನಗಳಲ್ಲಿಯೂ ಅನೇಕರಿಗೆ ತಿಳಿಯದು. ನಮ್ಮ ಧರ್ಮಕೇಂದ್ರಗಳಿಂದ ಎಷ್ಟೋ ಹೆಣ್ಣುಮಕ್ಕಳು, ಈಚೆಗೆ ಗಂಡುಮಕ್ಕಳೂ, ನರ್ಸಿಂಗ್ ಕಲಿತು ದೂರ ದೂರದ ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ. ಅವರೆಲ್ಲರ ಪಾಲಕ ಸಂತರೆಂದು ಪವಿತ್ರ ಸಭೆ ಗುರುತಿಸಿರುವ ಕಮಿಲ್ಲಸ್ ದೆ ಲೆಲ್ಲಿಸ್ ಅವರ ಜೀವನಚರಿತ್ರೆಯನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ಸಂಕ್ಷೇಪವಾಗಿ ಹೇಳುವುದು ಉಚಿತವೆಂದು ತೋರಿತು.

ಕಮಿಲ್ಲಸ್ ಹುಟ್ಟಿದ್ದು 1550ರ ಮೇ 25ರಂದು, ಅಂದಿನ ನೇಪಲ್ಸ್ ರಾಜ್ಯಕ್ಕೆ ಸೇರಿದ ಅಬ್ರುತ್ಸೊ ಸೀಮೆಯ ಬುಕ್ಕಿಯಾನಿಕೊ ಎಂಬ ಸಣ್ಣ ಊರಿನಲ್ಲಿ. ತಂದೆ ಜೊವಾನ್ನಿ ಸೈನಿಕ ಅಧಿಕಾರಿ. ಮನೆಯಲ್ಲಿದ್ದುದಕ್ಕಿಂತ ದಂಡಿನಲ್ಲಿದ್ದುದೇ ಹೆಚ್ಚು. ತಾಯಿ ಕಮಿಲ್ಲಾ ದೈವಭಕ್ತೆ. ಮಕ್ಕಳಾಗುವ ವಯಸ್ಸು ಮೀರಿತೆಂದು ಊರವರೆಲ್ಲ ಭಾವಿಸಿದ್ದಾಗ ಈ ಮಗುವನ್ನು ಹೆತ್ತಳು. ಹೆರುವುದಕ್ಕೆ ಮುನ್ನ ಆಕೆಗೆ ಒಂದು ಕನಸು ಬಿದ್ದಿತಂತೆ. ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿದ ಬಾಲಕನೊಬ್ಬ ಮುಂದೆ ನಡೆಯುತ್ತಿದ್ದಾನೆ. ಅದೇ ಗುರುತು ಧರಿಸಿದ ಬೇರೆ ಮಕ್ಕಳು ಅವನ ಹಿಂದೆ ಬರುತ್ತಿದ್ದಾರೆ. ಆ ಕಾಲದಲ್ಲಿ ಮರಣದಂಡನೆಗೆ ಗುರಿಯಾದವರ ಎದೆಗೆ ಶಿಲುಬೆಯ ಗುರುತು ಹಾಕುವ ರೂಢಿಯಿದ್ದುದರಿಂದ, ತನ್ನ ಮಗ ಕಳ್ಳರ ಗುಂಪಿನ ನಾಯಕನಾಗುವನೋ ಏನೋ ಎಂದು ತಾಯಿ ಹೆದರಿದಳು. ಮಗ ಬೆಳೆದ ರೀತಿ ಆ ಹೆದರಿಕೆಯನ್ನು ಹೆಚ್ಚಿಸಿತೇ ಹೊರತು ಕಡಿಮೆ ಮಾಡಲಿಲ್ಲ. ಓದು ಹತ್ತಲಿಲ್ಲ, ಸಿಟ್ಟು ಮೂಗಿನ ತುದಿಯಲ್ಲಿ. ಅವನಿಗೆ ಹನ್ನೆರಡು ಹದಿಮೂರು ವರ್ಷವಾಗುವಷ್ಟರಲ್ಲಿ ತಾಯಿ ಕಣ್ಮುಚ್ಚಿದಳು. ಕನಸಿನ ನಿಜವಾದ ಅರ್ಥ ಆಕೆಗೆ ತಿಳಿಯಲೇ ಇಲ್ಲ.

ಹುಡುಗ ಆರೂವರೆ ಅಡಿ ಎತ್ತರದ ಯುವಕನಾಗಿ ಬೆಳೆದು ತಂದೆಯೊಡನೆ ಸಿಪಾಯಿಗಿರಿಗೆ ಹೊರಟನು. ಕತ್ತಿ ಹಿಡಿಯುವುದರ ಜೊತೆಗೆ ತಂದೆಯಿಂದ ಕಲಿತ ಇನ್ನೊಂದು ವಿದ್ಯೆ ಜೂಜು. 1570ರಲ್ಲಿ ವೆನಿಸ್ ರಾಜ್ಯದ ಸೈನ್ಯಕ್ಕೆ ಸೇರಲು ಹೋಗುತ್ತಿದ್ದಾಗ ದಾರಿಯಲ್ಲಿಯೇ ತಂದೆ ತೀರಿಕೊಂಡನು. ಮಗನಿಗೆ ಉಳಿದದ್ದು ತಂದೆಯ ಕತ್ತಿ, ಮತ್ತು ತನ್ನ ಕಾಲಿನಲ್ಲಿ ಆಗಲೇ ಕಾಣಿಸಿಕೊಂಡಿದ್ದ ಒಂದು ಹುಣ್ಣು. ಈ ಹುಣ್ಣನ್ನು ವಾಚಕರು ಮರೆಯಬಾರದು. 46 ವರ್ಷ, ಅಂದರೆ ಸಾಯುವವರೆಗೂ, ಅದು ಮಾಯಲಿಲ್ಲ. ಕಮಿಲ್ಲಸರ ಬಾಳಿನ ಪ್ರತಿಯೊಂದು ತಿರುವಿನಲ್ಲಿಯೂ ಅದರ ಪಾತ್ರವಿದೆ.

ಆ ಹುಣ್ಣಿನ ಚಿಕಿತ್ಸೆಗಾಗಿಯೇ 1571ರಲ್ಲಿ ಅವನು ರೋಮ್ ನಗರದ ಸಂತ ಯಾಕೋಬರ ಆಸ್ಪತ್ರೆಗೆ ಸೇರಿದನು. ವಾಸಿಯಾಗದ ರೋಗಗಳವರಿಗಾಗಿ ಮೀಸಲಾಗಿದ್ದ ಆಸ್ಪತ್ರೆ ಅದು. ಚಿಕಿತ್ಸೆಯ ಖರ್ಚಿಗೆ ಬದಲಾಗಿ ಅಲ್ಲಿಯೇ ಆಳಾಗಿ ದುಡಿಯಬೇಕೆಂದು ಒಪ್ಪಂದವಾಯಿತು. ಆದರೆ ಈ ಆಳು ರೋಗಿಗಳನ್ನು ಬಿಟ್ಟು ತಿಬೇರ್ ನದಿಯ ದೋಣಿಗಾರರೊಡನೆ ಇಸ್ಪೀಟಾಡಲು ಹೋಗುವನು, ಜಗಳ ತೆಗೆಯುವನು, ಹುಡುಕಿದರೆ ದಿಂಬಿನ ಕೆಳಗೆ ಇಸ್ಪೀಟು ಎಲೆಗಳು. ಒಂಬತ್ತು ತಿಂಗಳಲ್ಲಿ ಅವನನ್ನು ಹೊರಗೆ ಹಾಕಿದರು. ಮುಂದೆ ಇದೇ ಆಸ್ಪತ್ರೆಯ ಮೇಲ್ವಿಚಾರಣೆಯನ್ನು ಇವನ ಕೈಗೇ ಒಪ್ಪಿಸುವ ದಿನ ಬರುವುದೆಂದು ಅಂದು ಯಾರಾದರೂ ಹೇಳಿದ್ದರೆ ಆಡಳಿತದವರು ನಕ್ಕುಬಿಡುತ್ತಿದ್ದರು.

ಮತ್ತೆ ಸೈನ್ಯ, ಮತ್ತೆ ತುರ್ಕರೊಡನೆ ಯುದ್ಧ, ಮತ್ತೆ ಜೂಜು. 1574ರಲ್ಲಿ ನೇಪಲ್ಸ್ ನಗರದಲ್ಲಿ ಅವನು ದುಡಿದ ಹಣ, ಆಯುಧ ಎಲ್ಲವನ್ನೂ ಕಳೆದುಕೊಂಡು ಕೊನೆಗೆ ಮೈಮೇಲಿನ ಅಂಗಿಯನ್ನೂ ಬಿಚ್ಚಿ ಕೊಡಬೇಕಾಯಿತು. ಹೊಟ್ಟೆಪಾಡಿಗಾಗಿ ಅಲೆಯುತ್ತ ಮನ್ಫ್ರೆದೋನಿಯ ಎಂಬ ಊರಿನಲ್ಲಿ ದೇವಾಲಯದ ಬಾಗಿಲಲ್ಲಿ ನಿಂತು ಭಿಕ್ಷೆ ಬೇಡಿದನು. ಅಲ್ಲಿ ಕಪುಚಿನ್ ಸಭೆಯವರು ಮಠವನ್ನು ಕಟ್ಟಿಸುತ್ತಿದ್ದರು. ಕಲ್ಲು ಸುಣ್ಣ ಹೊರುವ ಕೂಲಿಯಾಗಿ ಅವನಿಗೆ ಕೆಲಸ ದೊರೆಯಿತು.

1575ರ ಫೆಬ್ರವರಿ ತಿಂಗಳ ಮೊದಲ ದಿನ ಮಠದ ಕೆಲಸದ ಮೇಲೆ ಅವನನ್ನು ಸಾನ್ ಜೊವಾನ್ನಿ ರೊತೊಂದೊ ಎಂಬ ಬೆಟ್ಟದೂರಿನ ಕಪುಚಿನ್ ಮಠಕ್ಕೆ ಕಳುಹಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಸಂತ ಪಾದ್ರೆ ಪಿಯೊ ಅವರಿಂದ ಲೋಕಪ್ರಸಿದ್ಧವಾದ ಊರೇ ಇದು. ಅಲ್ಲಿನ ಹಿರಿಯ ಗುರುಗಳಾದ ಅಂಜೆಲೊ ಎಂಬವರು ಆ ಸಂಜೆ ಈ ಒರಟು ಕೂಲಿಯವನನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇವರ ವಿಷಯವಾಗಿ ನಾಲ್ಕು ಮಾತು ಹೇಳಿದರು. ಮರುದಿನ ಯೇಸುಬಾಲರನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ, ಮೇಣದಬತ್ತಿಗಳನ್ನು ಆಶೀರ್ವದಿಸುವ ದಿನ. ಮರಳಿ ಬರುವ ಕಲ್ಲುಹಾದಿಯಲ್ಲಿ ಕಮಿಲ್ಲಸ್ ಸವಾರಿಯ ಪ್ರಾಣಿಯಿಂದ ಇಳಿದು ನೆಲದ ಮೇಲೆ ಮೊಣಕಾಲೂರಿ, ಹಾಳಾಗಿ ಹೋದ 25 ವರ್ಷಗಳಿಗಾಗಿ ಬಿಕ್ಕಿ ಬಿಕ್ಕಿ ಅತ್ತನು. ತಮ್ಮ ಮನಪರಿವರ್ತನೆಯ ದಿನವೆಂದು ಅವರು ಕೊನೆಯವರೆಗೂ ಫೆಬ್ರವರಿ 2ನ್ನು ಆಚರಿಸುತ್ತಿದ್ದರು.

ಕಪುಚಿನ್ ಸಭೆಗೆ ಸೇರಬೇಕೆಂಬುದು ಈಗ ಅವರ ಒಂದೇ ಹಂಬಲ. ಸೇರಿದರು ಕೂಡ. ಆದರೆ ಒರಟು ಬಟ್ಟೆಯ ನಿಲುವಂಗಿ ಕಾಲಿಗೆ ಉಜ್ಜಿ ಹುಣ್ಣು ಮತ್ತೆ ಬಾಯಿಬಿಟ್ಟಿತು. ಸಭೆಯವರು ಮರುಕದಿಂದಲೇ ಅವರನ್ನು ಮರಳಿ ಕಳುಹಿಸಿದರು. ಕಮಿಲ್ಲಸ್ ಮತ್ತೆ ರೋಮಿಗೆ ಬಂದು ಅದೇ ಸಂತ ಯಾಕೋಬರ ಆಸ್ಪತ್ರೆಯಲ್ಲಿ ರೋಗಿಯೂ ಸೇವಕನೂ ಆಗಿ ನಾಲ್ಕು ವರ್ಷ ಕಳೆದರು. ಕಾಲು ವಾಸಿಯಾದಂತೆ ತೋರಿದಾಗ ಪುನಃ ಕಪುಚಿನ್ನರ ಬಾಗಿಲು ತಟ್ಟಿದರು, ಪುನಃ ಹುಣ್ಣು ಒಡೆಯಿತು, ಪುನಃ ಹೊರಬಂದರು. ದೇವರು ತಮ್ಮನ್ನು ಯಾವ ಕಡೆಗೆ ಎಳೆಯುತ್ತಿದ್ದಾರೆಂದು ಅವರಿಗೆ ಅರ್ಥವಾದದ್ದು ಆಗಲೇ. 1579ರಲ್ಲಿ ಆಸ್ಪತ್ರೆಗೆ ಹಿಂದಿರುಗಿದ ಅವರಿಗೆ ಮೇಲ್ವಿಚಾರಕನ ಹುದ್ದೆ ದೊರೆಯಿತು. ಸಂತ ಫಿಲಿಪ್ ನೇರಿಯವರು ಅವರ ಪಾಪನಿವೇದನೆಯ ಗುರುಗಳಾದರು.

ಅಂದಿನ ಆಸ್ಪತ್ರೆಗಳ ಸ್ಥಿತಿಯನ್ನು ಇಂದು ಊಹಿಸುವುದು ಕಷ್ಟ. ಔದಾರ್ಯಕ್ಕೇನೂ ಕೊರತೆಯಿರಲಿಲ್ಲ, ಜಗದ್ಗುರುಗಳೂ ಶ್ರೀಮಂತರೂ ಕಟ್ಟಿಸಿದ ಭವ್ಯವಾದ ಕಟ್ಟಡಗಳಿದ್ದವು. ಕೊರತೆಯಿದ್ದದ್ದು ಕೈಗಳಿಗೆ. ರೋಗಿಯನ್ನು ಮುಟ್ಟುವ ಕೆಲಸ ಅತ್ಯಂತ ಕೀಳೆಂದು ಎಣಿಕೆಯಾಗಿದ್ದುದರಿಂದ ಬೇರೆಲ್ಲಿಯೂ ಕೆಲಸ ಸಿಗದವರು ಕೂಲಿಗಾಗಿ ಅಲ್ಲಿಗೆ ಬರುತ್ತಿದ್ದರು. ರಾತ್ರಿಯಲ್ಲಿ ಬಾಯಾರಿದವನು ಕೂಗಿದರೆ ನೀರು ಕೊಡುವವರಿಲ್ಲ. ಮಲಿನವಾದ ಹಾಸಿಗೆಯಲ್ಲಿಯೇ ರೋಗಿ ಬೆಳಗಿನವರೆಗೆ ಬಿದ್ದಿರಬೇಕು. ಕೆಲವರು ಪರಮಪ್ರಸಾದವಿಲ್ಲದೆ, ಅಭ್ಯಂಗವಿಲ್ಲದೆ ಒಬ್ಬೊಂಟಿಗರಾಗಿ ಸಾಯುವರು. ಇನ್ನೂ ಭಯಂಕರವಾದ ಮಾತೆಂದರೆ, ಉಸಿರು ನಿಂತಂತೆ ಕಂಡ ಕೂಡಲೇ ಹಾಸಿಗೆ ಖಾಲಿ ಮಾಡುವ ಆತುರದಲ್ಲಿ ಜೀವವಿದ್ದವರನ್ನೂ ಹೆಣಗಳೊಡನೆ ಸಾಗಿಸಿದ್ದುಂಟು. ಮೇಲ್ವಿಚಾರಕರಾದ ಕಮಿಲ್ಲಸ್ ಆಳುಗಳನ್ನು ಬೈದು ನೋಡಿದರು, ಬದಲಿಸಿ ನೋಡಿದರು, ಹೊತ್ತಲ್ಲದ ಹೊತ್ತಿನಲ್ಲಿ ಬಂದು ಕಾದು ನೋಡಿದರು. ಯಾವುದರಿಂದಲೂ ಹೆಚ್ಚು ಪ್ರಯೋಜನವಾಗಲಿಲ್ಲ. ಸ್ವತಃ ಆಳಾಗಿದ್ದು ಕೆಲಸ ತಪ್ಪಿಸಿಕೊಂಡವರಿಗೆ ಆಳಿನ ಉಪಾಯಗಳೆಲ್ಲ ಗೊತ್ತಿದ್ದವೆನ್ನಿ, ಆದರೂ ಗೆಲ್ಲಲಾಗಲಿಲ್ಲ.

1582ರ ಆಗಸ್ಟ್ ತಿಂಗಳು, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬದ ಸಮಯ. ರಾತ್ರಿ ರೋಗಿಗಳ ನಡುವೆ ಕುಳಿತಿದ್ದಾಗ ಅವರಿಗೆ ಒಂದು ಯೋಚನೆ ಹೊಳೆಯಿತು. ಹಣಕ್ಕಾಗಿ ದುಡಿಯುವವರಿಂದ ಈ ಕೆಲಸ ಆಗುವುದಿಲ್ಲ. ದೇವರ ಪ್ರೀತಿಗಾಗಿಯೇ, ತಾಯಿಯೊಬ್ಬಳು ಕಾಯಿಲೆ ಬಿದ್ದ ತನ್ನ ಒಬ್ಬನೇ ಮಗನನ್ನು ನೋಡಿಕೊಳ್ಳುವಂತೆ ರೋಗಿಗಳನ್ನು ನೋಡಿಕೊಳ್ಳುವ ಕೆಲವರು ಒಟ್ಟುಗೂಡಿದರೆ ಆಗಬಹುದು. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದ ಐವರು ಅವರೊಡನೆ ಸೇರಿದರು. ಒಂದು ಸಣ್ಣ ಕೋಣೆಯಲ್ಲಿ ಶಿಲುಬೆಯನ್ನಿಟ್ಟು ಪ್ರಾರ್ಥನೆ ಮಾಡತೊಡಗಿದರು.

ಆಸ್ಪತ್ರೆಯ ಆಡಳಿತದವರಿಗೆ ಸಂಶಯ ಹುಟ್ಟಿತು: ಇವರು ಗುಂಪು ಕಟ್ಟಿಕೊಂಡು ಆಸ್ಪತ್ರೆಯನ್ನೇ ಕೈವಶ ಮಾಡಿಕೊಳ್ಳಲು ಹೊರಟಿರಬಹುದೇ? ಪ್ರಾರ್ಥನೆಯ ಕೋಣೆಯನ್ನು ಕಿತ್ತುಹಾಕಿಸಿದರು. ಶಿಲುಬೆಯನ್ನು ಬಾಗಿಲ ಹಿಂದೆ ಎಸೆಯಲಾಯಿತು. ಕಮಿಲ್ಲಸ್ ಅದನ್ನು ಎತ್ತಿಕೊಂಡು ತಮ್ಮ ಕೋಣೆಗೆ ತಂದರು. ಅಂದು ಶಿಲುಬೆಯ ಮೇಲಿನ ಸ್ವಾಮಿಯು ತೋಳುಗಳನ್ನು ಚಾಚಿ, ಈ ಕಾರ್ಯ ನಿನ್ನದಲ್ಲ, ನನ್ನದು, ಹೆದರದೆ ಮುಂದುವರಿಸು ಎಂಬ ಅರ್ಥದ ಸಾಂತ್ವನ ನೀಡಿದರೆಂದು ಪರಂಪರೆ ಹೇಳುತ್ತದೆ. ಆ ಶಿಲುಬೆಯನ್ನು ರೋಮಿನ ಸಂತ ಮಗ್ದಲೇನಮ್ಮನವರ ದೇವಾಲಯದಲ್ಲಿ ಇಂದಿಗೂ ಪೂಜ್ಯಭಾವದಿಂದ ಕಾಪಾಡಿಕೊಂಡು ಬಂದಿದ್ದಾರೆ.

ವಿರೋಧ ಬಂದದ್ದು ಹೊರಗಿನವರಿಂದ ಮಾತ್ರವಲ್ಲ. ಆಸ್ಪತ್ರೆಯನ್ನು ಬಿಟ್ಟು ಸ್ವತಂತ್ರ ಸಂಘ ಕಟ್ಟುವ ವಿಚಾರ ಸಂತ ಫಿಲಿಪ್ ನೇರಿಯವರಿಗೂ ಒಪ್ಪಿಗೆಯಾಗಲಿಲ್ಲ. ಓದುಬರಹ ಸಾಲದ ಈ ಮಾಜಿ ಸಿಪಾಯಿಯಿಂದ ಜನರನ್ನು ನಡೆಸಲಾಗದೆಂದು ಅವರ ಅಭಿಪ್ರಾಯ. ಕಮಿಲ್ಲಸ್ ತಮ್ಮ ಪಟ್ಟು ಬಿಡದಿದ್ದಾಗ ಫಿಲಿಪ್ ನೇರಿಯವರು ಅವರ ಪಾಪನಿವೇದನೆಯನ್ನು ಕೇಳುವುದನ್ನೇ ನಿಲ್ಲಿಸಿದರು. ಇಬ್ಬರು ಸಂತರ ನಡುವೆಯೂ ಹೀಗಾಗುವುದುಂಟು. ವರ್ಷಗಳ ನಂತರ, ಕಮಿಲ್ಲಸರ ಶಿಷ್ಯರು ಸಾಯುತ್ತಿದ್ದವನ ಬಳಿ ಪ್ರಾರ್ಥಿಸುತ್ತಿದ್ದಾಗ ದೇವದೂತರೇ ಅವರಿಗೆ ಮಾತುಗಳನ್ನು ಹೇಳಿಕೊಡುತ್ತಿದ್ದುದನ್ನು ತಾವು ಕಂಡುದಾಗಿ ಫಿಲಿಪ್ ನೇರಿಯವರೇ ಹೇಳಿದರೆಂದು ಪ್ರತೀತಿಯಿದೆ.

ಗುರುವಾಗದ ಹೊರತು ಸಂಘಕ್ಕೆ ನೆಲೆಯಿಲ್ಲವೆಂದು ತಿಳಿದ ಕಮಿಲ್ಲಸ್, 32ನೆಯ ವಯಸ್ಸಿನಲ್ಲಿ ಯೇಸುಸಭೆಯವರ ರೋಮನ್ ಕಾಲೇಜಿನ ಕೆಳತರಗತಿಯಲ್ಲಿ ಮಕ್ಕಳ ಜೊತೆಗೆ ಕುಳಿತು ಲತೀನ್ ವ್ಯಾಕರಣವನ್ನು ಕಲಿತರು. ಬೆಂಚಿಗೆ ಹಿಡಿಸದ ಈ ಎತ್ತರದ ವಿದ್ಯಾರ್ಥಿ ಬಹಳ ತಡವಾಗಿ ಬಂದನೆಂದು ಹುಡುಗರು ಹಾಸ್ಯ ಮಾಡುತ್ತಿದ್ದರು. ಹಗಲು ಪಾಠ, ರಾತ್ರಿ ಆಸ್ಪತ್ರೆ. ಫೆರ್ಮೊ ಕಾಲ್ವಿ ಎಂಬ ಸದ್ಗೃಹಸ್ಥರು ಜೀವನಾಧಾರಕ್ಕೆ ವರ್ಷಾಶನವನ್ನು ಗೊತ್ತುಮಾಡಿದರು. 1584ರಲ್ಲಿ, ಸ್ವದೇಶದಿಂದ ಹೊರದೂಡಲ್ಪಟ್ಟು ರೋಮಿನಲ್ಲಿ ಆಶ್ರಯ ಪಡೆದಿದ್ದ ಇಂಗ್ಲಿಷ್ ಬಿಷಪ್ ಥಾಮಸ್ ಗೋಲ್ಡ್‌ವೆಲ್ ಅವರಿಂದ ಗುರುದೀಕ್ಷೆಯಾಯಿತು. ಮೊದಲ ಬಲಿಪೂಜೆಯನ್ನು ತಮ್ಮ ರೋಗಿಗಳ ನಡುವೆಯೇ ಅರ್ಪಿಸಿದರು.

ಅಲ್ಲಿಂದ ಮುಂದೆ ಅವರ ಕಾರ್ಯಕ್ಷೇತ್ರ ವಾತಿಕಾನದ ಸಮೀಪದ ಪವಿತ್ರಾತ್ಮರ ಆಸ್ಪತ್ರೆ. ಜಗದ್ಗುರು ಮೂರನೆಯ ಇನ್ನೊಸೆಂಟರ ಕಾಲದ ಆ ಸಂಸ್ಥೆ ರೋಮಿನ ಆಸ್ಪತ್ರೆಗಳಲ್ಲೆಲ್ಲ ದೊಡ್ಡದು. ಆ ಉದ್ದನೆಯ ಸಾಲುಗಳಲ್ಲಿ ಅವರು ಮಾಡಿದ ಕೆಲಸವನ್ನು ಅವರ ಶಿಷ್ಯರೂ ಮೊದಲ ಚರಿತ್ರೆಕಾರರೂ ಆದ ಸಾಂಜಿಯೊ ಚಿಕಾತೆಲ್ಲಿ ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಹಾಸಿಗೆ ಹಾಸುವುದು, ಮೈ ಒರೆಸುವುದು, ಬಾಯಿ ತೊಳೆಸುವುದು, ಮಲಮೂತ್ರದ ಪಾತ್ರೆಗಳನ್ನು ಎತ್ತುವುದು, ಕೈಲಾಗದವರಿಗೆ ತುತ್ತು ತುತ್ತಾಗಿ ಉಣಿಸುವುದು, ಇವೇ ಆ ಕೆಲಸಗಳು. ರೋಗಿಯ ಮುಂದೆ ಮೊಣಕಾಲೂರಿ, ಅವನೇ ಯೇಸುಸ್ವಾಮಿಯೆಂಬಂತೆ ತಮ್ಮ ಪಾಪಗಳಿಗೆ ಕ್ಷಮೆ ಬೇಡುವುದನ್ನೂ ಜನ ಕಂಡಿದ್ದಾರೆ. ಒಮ್ಮೆ ಆಸ್ಪತ್ರೆಯ ಮುಖ್ಯಾಧಿಕಾರಿ ಕರೆ ಕಳುಹಿಸಿದಾಗ, ತಾವೀಗ ಯೇಸುಕ್ರಿಸ್ತರೊಡನೆ ಕೆಲಸದಲ್ಲಿರುವುದಾಗಿಯೂ ಅದು ಮುಗಿದ ಮೇಲೆ ಬರುವುದಾಗಿಯೂ ಹೇಳಿ ಕಳುಹಿಸಿದರು. ಇದರಲ್ಲಿ ಉಡಾಫೆಯ ಲೇಶವೂ ಇರಲಿಲ್ಲ. ಅವರಿಗೆ ಅದು ಇದ್ದುದನ್ನು ಇದ್ದಂತೆ ಹೇಳಿದ ಮಾತು.

ಭಕ್ತಿಯೊಂದೇ ಸಾಕೆಂದು ಅವರು ಎಣಿಸಲಿಲ್ಲ. ಇಲ್ಲಿಯೇ ಅವರ ಹಿರಿಮೆ ಇರುವುದೆಂದು ನನ್ನ ಎಣಿಕೆ. ಸದುದ್ದೇಶದಿಂದ ಬಂದವನೂ ರೋಗಿಯನ್ನು ಎತ್ತುವಾಗ ನೋಯಿಸಬಲ್ಲ. ಬಿಸಿ ಸಾರನ್ನು ಅವಸರದಿಂದ ಬಾಯಿಗೆ ಹಾಕಿ ಸುಡಬಲ್ಲ. ಆದುದರಿಂದ ಬಡ ರೋಗಿಗಳನ್ನು ಆಸ್ಪತ್ರೆಗಳಲ್ಲಿ ಹೇಗೆ ಉಪಚರಿಸಬೇಕೆಂಬ ಬಗ್ಗೆ ಕ್ರಮಗಳನ್ನೂ ರೀತಿಗಳನ್ನೂ ಬರೆದು ಗೊತ್ತುಮಾಡಿದರು. ಹೊಸಬರಿಗೆ ಪಾಠಶಾಲೆ ಆಸ್ಪತ್ರೆಯೇ. ಹಾಸಿಗೆಯ ಬದಿಯಲ್ಲಿ ನಿಂತು ತಾವೇ ಮಾಡಿ ತೋರಿಸಿ, ಅವರಿಂದ ಮಾಡಿಸಿ, ತಪ್ಪಿದರೆ ತಿದ್ದುವರು. ಕಿಟಕಿ ತೆರೆದು ಗಾಳಿ ಬರುವಂತೆ ಮಾಡುವುದು, ಆಯಾ ರೋಗಕ್ಕೆ ತಕ್ಕ ಪಥ್ಯ, ಅಂಟುರೋಗದವರನ್ನು ಬೇರೆಯಾಗಿ ಇರಿಸುವುದು, ಇವುಗಳಿಗೆಲ್ಲ ಅವರು ಗಮನ ಕೊಟ್ಟರು. ಜೀವ ಹೋಯಿತೆಂದು ಕಂಡ ಮೇಲೂ ಕಾಲು ಗಂಟೆಯವರೆಗೆ ಮುಖವನ್ನು ಮುಚ್ಚದೆ ಪ್ರಾರ್ಥನೆಯನ್ನು ಮುಂದುವರಿಸಬೇಕೆಂದು ಕಟ್ಟಪ್ಪಣೆ ಮಾಡಿದರು. ಜೀವವಿದ್ದವರು ಹೂಳಲ್ಪಡುವ ಘೋರವನ್ನು ತಪ್ಪಿಸಲು ಮಾಡಿದ ನಿಯಮವದು. ರೋಗಾಣುಗಳ ವಿಚಾರ ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಇಷ್ಟನ್ನೆಲ್ಲ ಅವರು ಕಂಡುಕೊಂಡದ್ದು ರೋಗಿಯ ಬಳಿ ಬಹಳ ಹೊತ್ತು ನಿಂತು ನೋಡಿದ್ದರಿಂದ.

1586ರಲ್ಲಿ ಜಗದ್ಗುರು ಐದನೆಯ ಸಿಕ್ಸ್ತಸ್ ಅವರು ಸಂಘಕ್ಕೆ ಮಾನ್ಯತೆ ಕೊಟ್ಟು, ಕಪ್ಪು ನಿಲುವಂಗಿಯ ಮೇಲೆ ಕೆಂಪು ಶಿಲುಬೆಯನ್ನು ಧರಿಸಲು ಅಪ್ಪಣೆ ನೀಡಿದರು. ತಾಯಿ ಕಂಡಿದ್ದ ಕನಸು ಹೀಗೆ ಫಲಿಸಿತು. ಯುದ್ಧಭೂಮಿಯ ಕೆಂಪು ಶಿಲುಬೆಯ ಸಂಸ್ಥೆ, ಅಂದರೆ ರೆಡ್‌ಕ್ರಾಸ್, ಹುಟ್ಟಿದ್ದು 1863ರಲ್ಲಿ. ಅದರ ಗುರುತು ಇವರಿಂದಲೇ ಹೋದದ್ದೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ, ಸ್ವಿಟ್ಜರ್ಲೆಂಡಿನ ಧ್ವಜದ ಬಣ್ಣಗಳನ್ನು ಅದಲುಬದಲು ಮಾಡಿ ಮಾಡಿದ ಗುರುತು ಅದು. ಆದರೆ 1595ರಲ್ಲಿಯೂ 1601ರಲ್ಲಿಯೂ ಹಂಗೆರಿಯ ಕಡೆಯ ಯುದ್ಧಗಳಿಗೆ ಹೊರಟ ಸೈನ್ಯದೊಡನೆ ಗಾಯಾಳುಗಳ ಶುಶ್ರೂಷೆಗಾಗಿ ಕಮಿಲ್ಲಸರ ಶಿಷ್ಯರು ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿ ಹೋದದ್ದು ಸತ್ಯ. ರಣರಂಗಕ್ಕೆ ಹೋದ ಸಂಘಟಿತ ಶುಶ್ರೂಷಕರಲ್ಲಿ ಅವರೇ ಮೊದಲಿಗರೆನ್ನುತ್ತಾರೆ.

1591ರಲ್ಲಿ ಜಗದ್ಗುರು 14ನೆಯ ಗ್ರೆಗರಿಯವರು ಸಂಘವನ್ನು ಪೂರ್ಣ ಧಾರ್ಮಿಕ ಸಭೆಯಾಗಿ ಮಾಡಿದರು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳ ಮೇಲೆ ನಾಲ್ಕನೆಯದೊಂದು ಸೇರಿತು: ಪ್ಲೇಗಿನಂತಹ ಮಾರಿಯಲ್ಲಿಯೂ, ಪ್ರಾಣಕ್ಕೆ ಅಪಾಯವಿದ್ದರೂ ರೋಗಿಗಳ ಸೇವೆಯನ್ನು ಬಿಡೆನು ಎಂಬುದು. ಇದು ಬಾಯಿಮಾತಿನ ವ್ರತವಾಗಿರಲಿಲ್ಲ. ಇದಕ್ಕೆ ಮೊದಲೇ ನೇಪಲ್ಸ್ ಬಂದರಿನಲ್ಲಿ ಪ್ಲೇಗ್ ಬಿದ್ದ ಹಡಗುಗಳನ್ನು ದಡಕ್ಕೆ ಬಿಡದೆ ತಡೆದಾಗ, ಒಳಗೆ ಹೋಗಿ ರೋಗಿಗಳನ್ನು ಉಪಚರಿಸಿದ ಇಬ್ಬರು ಸಹೋದರರು ಅದೇ ರೋಗದಿಂದ ಮಡಿದಿದ್ದರು. 1600ರಲ್ಲಿ ನೋಲಾ ಪಟ್ಟಣಕ್ಕೆ ಮಾರಿ ಬಂದಾಗ ಅಲ್ಲಿನ ಬಿಷಪರು ಕಮಿಲ್ಲಸರನ್ನೇ ತಮ್ಮ ಪ್ರತಿನಿಧಿಯನ್ನಾಗಿ ನೇಮಿಸಿದರು. ಅಲ್ಲಿಯೂ ಅವರ ಶಿಷ್ಯರು ಪ್ರಾಣ ತೆತ್ತರು. 1598ರ ಕ್ರಿಸ್ಮಸ್ ಸಮಯದಲ್ಲಿ ತಿಬೇರ್ ನದಿ ಉಕ್ಕಿ ಪವಿತ್ರಾತ್ಮರ ಆಸ್ಪತ್ರೆಗೆ ನುಗ್ಗಿದಾಗ, ಹುಣ್ಣಿನ ಕಾಲಿನಲ್ಲಿಯೇ ನೀರಿನಲ್ಲಿ ನಿಂತು, ರಾತ್ರಿಯಿಡೀ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಮೇಲಂತಸ್ತಿಗೆ ಸಾಗಿಸಿದರು.

ಸಭೆಯ ನಾಯಕತ್ವ ಅವರಿಗೆ ಸುಲಭದ ಹೊರೆಯಾಗಲಿಲ್ಲ. ಹೊರಗಿನ ವಿರೋಧ ಅಡಗಿದ ಮೇಲೆ ಒಳಗೆ ಭಿನ್ನಾಭಿಪ್ರಾಯ ಎದ್ದಿತು. ಆಸ್ಪತ್ರೆಗಳಲ್ಲಿಯೇ ವಾಸವಾಗಿದ್ದು, ಕಸ ಗುಡಿಸುವುದರಿಂದ ಹಿಡಿದು ಅಂತ್ಯಕಾಲದ ಪ್ರಾರ್ಥನೆಯವರೆಗೆ ಸಮಸ್ತ ಸೇವೆಯನ್ನೂ ತಮ್ಮವರೇ ವಹಿಸಿಕೊಳ್ಳಬೇಕೆಂಬುದು ಕಮಿಲ್ಲಸರ ಹಟ. ಗುರುಗಳಾದವರು ಆತ್ಮಗಳ ಆರೈಕೆಯನ್ನಷ್ಟೇ ಮಾಡಿದರೆ ಸಾಕು, ಧಾರ್ಮಿಕ ಜೀವನಕ್ಕೆ ಮಠದ ಶಾಂತಿಯೂ ಬೇಕು ಎಂದು ಇತರ ಅನೇಕರ ವಾದ. 1594ರಲ್ಲಿ ಕಮಿಲ್ಲಸ್ ಮಿಲಾನ್ ನಗರದ ದೊಡ್ಡಾಸ್ಪತ್ರೆಯ ಪೂರ್ಣ ಸೇವೆಯನ್ನು ಸಲಹೆಗಾರರನ್ನು ಕೇಳದೆಯೇ ಒಪ್ಪಿಕೊಂಡಾಗ ಅಸಮಾಧಾನ ಭುಗಿಲೆದ್ದಿತು. ಎದುರು ಪಕ್ಷದವರೂ ಅಲ್ಪರಲ್ಲ. ಎಳೆಯರು ಸಾಲುಸಾಲಾಗಿ ಸಾಯುವುದನ್ನು ಕಂಡ ಅವರ ಆತಂಕಕ್ಕೆ ಕಾರಣವಿತ್ತು. ಕೊನೆಗೆ 1600ರ ಅಂತ್ಯದಲ್ಲಿ ಜಗದ್ಗುರು ಎಂಟನೆಯ ಕ್ಲೆಮೆಂಟರ ಆಜ್ಞಾಪತ್ರದಿಂದ ಒಂದು ಒಪ್ಪಂದವೇರ್ಪಟ್ಟು ಸಭೆ ಒಡೆಯದೆ ಉಳಿಯಿತು. ಸಾಲದ ಹೊರೆಯೂ ಬೆಳೆದಿತ್ತು. ಬಡವರಿಗೆ ಕೊಡುವಾಗ ಲೆಕ್ಕವಿಡುವ ಅಭ್ಯಾಸ ಅವರಿಗಿರಲಿಲ್ಲ. 1607ರಲ್ಲಿ ಕಮಿಲ್ಲಸ್ ಮಹಾಶ್ರೇಷ್ಠರ ಪದವಿಗೆ ತಾವಾಗಿಯೇ ರಾಜೀನಾಮೆ ಕೊಟ್ಟು ಸಾಮಾನ್ಯ ಸದಸ್ಯರಾದರು. ತಾವು ಸ್ಥಾಪಿಸಿದ ಸಭೆಯಲ್ಲಿ ಇನ್ನೊಬ್ಬರಿಗೆ ವಿಧೇಯರಾಗಿ, ಪುನಃ ರೋಗಿಗಳ ಸಾಲಿಗೆ ಹಿಂದಿರುಗಿದರು. ಅದರಿಂದ ಅವರಿಗೆ ಸಂತೋಷವೇ ಆಯಿತೆಂದು ಕಾಣುತ್ತದೆ.

ಈ ಅವಧಿಯಲ್ಲೆಲ್ಲ ಅವರ ದೇಹ ಒಂದು ರೋಗಗಳ ಮನೆಯಾಗಿತ್ತು. ಕಾಲಿನ ಹುಣ್ಣಿನ ಜೊತೆಗೆ 38 ವರ್ಷ ಅಂತ್ರವೃದ್ಧಿ, ಅಂಗಾಲಿನಲ್ಲಿ ನಡೆಯಗೊಡದ ಆಣಿಗಳು, ಮೂತ್ರಪಿಂಡದ ಶೂಲೆ, ಕೊನೆಗೆ ಅನ್ನವೇ ಸೇರದ ಸ್ಥಿತಿ. ಈ ಐದನ್ನೂ ಅವರು ದೇವರ ಕರುಣೆಗಳೆಂದು ಕರೆಯುತ್ತಿದ್ದರು. ನಿಲ್ಲಲಾಗದ ದಿನಗಳಲ್ಲಿಯೂ ರಾತ್ರಿ ಹಾಸಿಗೆಯಿಂದ ತೆವಳಿಕೊಂಡು ಹೋಗಿ, ಪಕ್ಕದ ರೋಗಿಗಳಿಗೆ ಏನಾದರೂ ಬೇಕೇ ಎಂದು ವಿಚಾರಿಸುವರು. ತಮ್ಮ ಶುಶ್ರೂಷೆಗೆ ಬಂದವರನ್ನು ಬೇರೆಯವರ ಬಳಿಗೆ ಕಳುಹಿಸಿಬಿಡುವರು.

1613ರ ಮಹಾಸಭೆಯ ನಂತರ ಹೊಸ ಮಹಾಶ್ರೇಷ್ಠರೊಡನೆ ಇಟಲಿಯ ಮಠಗಳನ್ನೆಲ್ಲ ಕಡೆಯ ಬಾರಿ ಸಂದರ್ಶಿಸಲು ಹೊರಟರು. ಜಿನೋವಾ ನಗರದಲ್ಲಿ ಕಾಯಿಲೆ ಉಲ್ಬಣಿಸಿತು. ಸ್ವಲ್ಪ ಚೇತರಿಸಿಕೊಂಡು ರೋಮಿಗೆ ಬಂದು, ಕಾರ್ಡಿನಲ್ ಜಿನ್ನಾಸಿಯವರ ಕೈಯಿಂದ ಅಂತ್ಯಕಾಲದ ಪರಮಪ್ರಸಾದವನ್ನು ಸ್ವೀಕರಿಸಿದರು. 1614ರ ಜುಲೈ 14ರಂದು, 64ನೆಯ ವಯಸ್ಸಿನಲ್ಲಿ, ಸಾಯುವವರಿಗಾಗಿ ತಾವು ಜೀವಮಾನವಿಡೀ ಹೇಳುತ್ತಿದ್ದ ಪ್ರಾರ್ಥನೆಗಳನ್ನು ಕೇಳುತ್ತ ಪ್ರಾಣ ಬಿಟ್ಟರು. ಅವರ ಸಮಾಧಿಯಿರುವುದು ಸಂತ ಮಗ್ದಲೇನಮ್ಮನವರ ದೇವಾಲಯದಲ್ಲಿ.

1742ರಲ್ಲಿ ಧನ್ಯರೆಂದೂ 1746ರಲ್ಲಿ ಸಂತರೆಂದೂ ಜಗದ್ಗುರು 14ನೆಯ ಬೆನೆಡಿಕ್ಟರು ಅವರನ್ನು ಘೋಷಿಸಿದರು. 1886ರಲ್ಲಿ 13ನೆಯ ಲಿಯೊ ಅವರು ದೇವರ ಸಂತ ಯೊವಾನ್ನರೊಡನೆ ಇವರನ್ನು ರೋಗಿಗಳ ಹಾಗೂ ಆಸ್ಪತ್ರೆಗಳ ಪಾಲಕರನ್ನಾಗಿಯೂ, 1930ರಲ್ಲಿ 11ನೆಯ ಭಕ್ತಿನಾಥರು ಅಂದರೆ ಪಿಯುಸ್ ಅವರು ಶುಶ್ರೂಷಕರ ಪಾಲಕರನ್ನಾಗಿಯೂ ನೇಮಿಸಿದರು. ಅವರ ಸಭೆಯವರು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಭಾರತಕ್ಕೂ ಬಂದರು. ಎಚ್.ಐ.ವಿ. ಸೋಂಕಿತರನ್ನು ಮನೆಯವರೇ ಮುಟ್ಟಲು ಅಂಜುತ್ತಿದ್ದ ದಿನಗಳಲ್ಲಿ ಬೆಂಗಳೂರಿನಲ್ಲಿ ಸ್ನೇಹದಾನ್ ಎಂಬ ಆರೈಕೆಯ ಕೇಂದ್ರವನ್ನು ತೆರೆದವರು ಇವರೇ. ಸಂತರ ಹಬ್ಬವನ್ನು ಹಿಂದೆ ಜುಲೈ 18ರಂದು ಆಚರಿಸುತ್ತಿದ್ದರು. 1969ರಲ್ಲಿ ಪೂಜಾ ಪಂಚಾಂಗ ಪರಿಷ್ಕಾರವಾದಂದಿನಿಂದ, ಅವರು ಮರಣಹೊಂದಿದ ಜುಲೈ 14ಕ್ಕೇ ಅದು ಬರುತ್ತದೆ.